ಎರಡು ಸಾಲಿನ ಗಾಯಕ

ನವೆಂಬರ್ 9, ಬುಧವಾರ

ಬೆಳಿಗ್ಗೆ ಬೇಕರಿಗೆ ಹೋಗಿ ಐದು ಕಾಫಿ ಕೊಡಿ ಎಂದೆ. ಬೇಕರಿಯವಳು ಐದೂ ಲೋಟ ಸಾಲಾಗಿ ಇಟ್ಟ ಮೇಲೆ ನೆನಪಾಯಿತು, ಈಗ ನಾನು ಒಬ್ಬನೇ. ಬೇಡ ಅನ್ನಲು ನಾಚಿಕೆಯಾಗಿ ಎಲ್ಲದಕ್ಕೂ ದುಡ್ಡು ಕೊಟ್ಟೆ. ಎರಡು ಕುಡಿದು ಉಳಿದದ್ದನ್ನು ಬೆಂಚಿನ ಮೇಲಿದ್ದ ಮುದುಕರಿಗೆ ಹಂಚಿದೆ. ಅವರಲ್ಲೊಬ್ಬ ನನ್ನನ್ನು ದಿಟ್ಟಿಸಿ, "ನೀನು ಆ ಬ್ರಿಸಾ ಸಿಂಕೋ ಅಂತ ಐದು ಹುಡುಗರು ಹಾಡೋ ಗುಂಪಲ್ಲಿ ಇದ್ದೋನಲ್ವಾ? ಮಧ್ಯದಲ್ಲಿ ನಿಂತ್ಕೊಳ್ತಿದ್ದೋನು?" ಎಂದ. ಹೌದು ಎಂದೆ. "ನನ್ನ ಮೊಮ್ಮಗಳಿಗೆ ನಿನ್ನ ಪಕ್ಕದೋನು ಇಷ್ಟ" ಎಂದು ಹೇಳಿ ನಾನು ಕೊಟ್ಟ ಕಾಫಿಯನ್ನೇ ಕುಡಿದ.

ಅಲ್ಲಿಂದ ಸಾಂತುರ್ಸೆಯ ಸ್ಟುಡಿಯೋಗೆ. ನನ್ನ ಒಬ್ಬನ ಹೆಸರಿನಲ್ಲಿ ಬರುವ ಮೊದಲ ರೆಕಾರ್ಡಿನ ಮೊದಲ ಹಾಡು. ಗಾಜಿನ ಆಚೆ ಮಾರ್ಗಾರೊ ತನ್ನ ಹೊಟ್ಟೆಯನ್ನು ಮೇಜಿಗೆ ಒತ್ತಿಕೊಂಡು ಕೂತಿದ್ದ. ನಮ್ಮ ಗುಂಪಿನ ಹಾಡುಗಳನ್ನೆಲ್ಲ ಟೇಪಿಗೆ ಇಳಿಸಿದವನು ಅವನೇ. ಕೆಂಪು ದೀಪ ಹತ್ತಿತು. ಎರಡು ಸಾಲು ಹಾಡಿದೆ, ನಿಲ್ಲಿಸಿದೆ, ಎಡಕ್ಕೆ ತಿರುಗಿದೆ. ಎಡಕ್ಕೆ ಗೋಡೆ ಇತ್ತು.

"ಏನಾಯ್ತೋ? ಗಂಟಲಿಗೆ ನೊಣ ಹೋಯ್ತಾ?" ಎಂದ ಮಾರ್ಗಾರೊ.

ನನ್ನ ಎರಡು ಸಾಲು ಆದ ಮೇಲೆ, ಗುಂಪಿನಲ್ಲಿ ನನ್ನ ಎಡಕ್ಕೆ ನಿಲ್ಲುತ್ತಿದ್ದ ಅಬ್ನೆರ್‌ನ ಸರದಿ. ಹತ್ತನೇ ವಯಸ್ಸಿನಿಂದ ಹಾಗೆಯೇ. ಅವನು ಹಾಡುವಾಗ ನಾನು ಉಸಿರು ಎಳೆದುಕೊಂಡು, ಒಂದು ಸುತ್ತು ತಿರುಗಿ, ಕೂದಲು ಹಿಂದಕ್ಕೆ ಹಾಕಿಕೊಳ್ಳಬೇಕು. ಮತ್ತೆ ಹಾಡಿದೆ, ಮತ್ತೆ ನಿಂತೆ. ಬಲವಂತವಾಗಿ ಮೂರನೆಯ ಸಾಲಿಗೆ ಹೋದರೆ ಅರ್ಧದಲ್ಲೇ ಉಸಿರು ಮುಗಿಯಿತು. ಸಂಜೆಯವರೆಗೂ ಅದೇ ಕತೆ. ಮನೆಗೆ ಬರುವಾಗ ಯೋಚಿಸಿ ನೋಡಿದೆ. ಇಷ್ಟು ವರ್ಷದಲ್ಲಿ ನಾನು ಒಂದೇ ಒಂದು ಹಾಡನ್ನೂ ಮೊದಲಿಂದ ಕೊನೆಯವರೆಗೆ ಹಾಡಿಲ್ಲ. ಬಚ್ಚಲಲ್ಲೂ ನನ್ನ ಎರಡು ಸಾಲು ಹಾಡಿ, ಉಳಿದವರ ಸಾಲುಗಳು ಮನಸ್ಸಿನಲ್ಲೇ ಮುಗಿಯುವವರೆಗೆ ಕಾಯುತ್ತೇನೆ. ಎಂಥ ಗಾಯಕನೋ ನಾನು! ಯಾರ ಮುಂದೆಯೂ ಹೇಳಿಕೊಳ್ಳುವಂತಿಲ್ಲ.

ನವೆಂಬರ್ 11, ಶುಕ್ರವಾರ

ಮಾರ್ಗಾರೊ ದಾರಿ ಹುಡುಕಿದ. "ನೀನು ಎರಡೆರಡೇ ಸಾಲು ಹಾಡು ಮಗಾ. ಕತ್ತರಿಸೋದು, ಹೊಲಿಯೋದು ನನ್ನ ಕೆಲಸ. ನನ್ನನ್ನ ದರ್ಜಿ ಅಂದ್ಕೊ."

ಹಾಗೆಯೇ ಮಾಡಿದೆವು. ಎರಡು ಸಾಲು, ಒಂದು ಲೋಟ ನೀರು, ಮತ್ತೆ ಎರಡು ಸಾಲು. ಮಧ್ಯಾಹ್ನದ ಮೇಲೆ ಗುಂಪನ್ನು ನಡೆಸುವ ದೊನ್ ಅನ್ಸೆಲ್ಮೊ ಬಂದರು. ನಮ್ಮೂರು ಕೊಮೆರಿಯೋದ ಶಾಲೆಯ ಸ್ಪರ್ಧೆಯಲ್ಲಿ ನನ್ನನ್ನು ಕಂಡು ಗುಂಪಿಗೆ ಕರೆತಂದವರು ಅವರು. ನನ್ನ ಕೂದಲ ಬಣ್ಣ, ನನ್ನ ಅಂಗಿ, ನನ್ನ ಹುಟ್ಟುಹಬ್ಬದ ದಿನ ನಾನು ಯಾವ ಊರಿನಲ್ಲಿರಬೇಕು, ಎಲ್ಲ ಅವರೇ ಹೇಳುತ್ತಿದ್ದರು. ಗುಂಪಿಗೆ ವಯಸ್ಸು ಮೀರಿದೆ ಎಂದು ತೆಗೆದವರೂ ಅವರೇ, ಒಬ್ಬನಾಗಿ ಹಾಡು ಎಂದು ಮತ್ತೆ ಕೈ ಹಿಡಿದವರೂ ಅವರೇ. ಬೇರೆ ನಾಲ್ವರಲ್ಲಿ ಯಾರಿಗೂ ಈ ಭಾಗ್ಯ ಸಿಕ್ಕಿಲ್ಲ.

"ಜನವರಿ ಇಪ್ಪತ್ತೊಂದು, ಶನಿವಾರ ಮಧ್ಯಾಹ್ನದ ಟಿವಿ ಕಾರ್ಯಕ್ರಮ" ಎಂದರು. "ಇಡೀ ದ್ವೀಪ ಊಟಕ್ಕೆ ಕೂತಿರತ್ತೆ. ಟೇಪ್ ಹಾಡತ್ತೆ, ನೀನು ಬಾಯಾಡಿಸು, ನಗು. ಅವತ್ತು ಗೆದ್ರೆ ನೀನು ಗೆದ್ದೆ. ಏನೋ, ಮುಖ ಬಾಡಿದೆ, ಸುಸ್ತಾ?"

"ಇಲ್ಲ ದೊನ್ ಅನ್ಸೆಲ್ಮೊ."

ನವೆಂಬರ್ 28, ಸೋಮವಾರ

ಹೊಲಿದ ಹಾಡನ್ನು ಇಂದು ಕೇಳಿಸಿದರು. ಚೆನ್ನಾಗಿದೆ. ಜಾರುಬಂಡೆಯ ಹಾಗೆ ನುಣ್ಣಗೆ ಹೋಗುತ್ತದೆ. ಎರಡನೇ ಸಲ ಕೇಳುವಾಗ ಏನೋ ಇಲ್ಲವಲ್ಲ ಅನ್ನಿಸಿತು. ಮಾರ್ಗಾರೊ ನನ್ನ ಉಸಿರಾಟವನ್ನೆಲ್ಲ ಕತ್ತರಿಸಿ ಬಿಸಾಡಿದ್ದಾನೆ. "ಜನ ಹಾಡು ಕೇಳೋಕೆ ಬರ್ತಾರೆ, ನೀನು ಏದುಸಿರು ಬಿಡೋದು ಕೇಳೋಕಲ್ಲ" ಎಂದ. ಅದೂ ಸರಿಯೇ. ಆದರೂ ಆ ಹಾಡುವವನು ನನಗೆ ಅಪರಿಚಿತನಂತೆ ಕಂಡ, ಸ್ವಲ್ಪ ಹೆದರಿಕೆಯೂ ಆಯಿತು.

ಆಮೇಲೆ ಪೋನ್ಸೆಯ ರೇಡಿಯೋ. ನಿರೂಪಕಿ ನಗುನಗುತ್ತಾ, "ಎಫ್ರಾಯಿನ್, ನಮ್ಮ ಕೇಳುಗರಿಗೆ ಇಲ್ಲೇ ಹಾಗೇ ಒಂದು ತುಣುಕು ಹಾಡಿ" ಎಂದಳು. ಎರಡು ಸಾಲು ಹಾಡಿದೆ. ಚಪ್ಪಾಳೆ ತಟ್ಟಿ "ಮುಂದೆ?" ಎಂದಳು.

"ಮುಂದಿನದು ರೆಕಾರ್ಡ್ ಕೊಂಡ್ಕೊಂಡೋರಿಗೆ ಮಾತ್ರ" ಎಂದೆ.

ಕೋಣೆಯಲ್ಲಿ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಎಷ್ಟು ಚುರುಕಾಗಿದ್ದಾನೆ ಎಂದು ದೊನ್ ಅನ್ಸೆಲ್ಮೊಗೆ ಫೋನ್ ಮಾಡಿ ಹೇಳಿದರಂತೆ. ಅವಳು ಮತ್ತೆ ಕೇಳುವ ಮುಂಚೆ ನಾನು ಹೊರಗೆ ಬಂದೆ.

ಡಿಸೆಂಬರ್ 3, ಶನಿವಾರ

ಮಲಗಿದೆ. ಎದ್ದೆ. ಮತ್ತೆ ಮಲಗಿದೆ.

ಡಿಸೆಂಬರ್ 12, ಸೋಮವಾರ

ಕಾಗ್ವಾಸ್‌ನಲ್ಲಿ ಅಬ್ನೆರ್ ಸಿಕ್ಕ. ಗುಂಪಿಗೆ ವಯಸ್ಸು ಮೀರಿ ಅವನೂ ಹೊರಬಿದ್ದವನೇ, ಈಗ ಹಳೆಯ ಕಾರು ಮಾರುವ ಅಂಗಡಿಯಲ್ಲಿ ಟೈ ಕಟ್ಟಿಕೊಂಡು ನಿಂತಿದ್ದಾನೆ. ಮದುವೆಗೆ ಮುಂಚೆಯೇ ಹೊಟ್ಟೆ ಬಂದಿದೆ. ತಬ್ಬಿಕೊಂಡು ಬೆನ್ನು ಬಡಿದ.

"ಬಾರಪ್ಪ ದೊಡ್ಡ ಮನುಷ್ಯ! ನಿನ್ನ ಚಿತ್ರ ಬಸ್ಸಿನ ಹಿಂದೆ ಬರತ್ತಂತೆ?"

"ಬರತ್ತಂತೆ."

"ಬಸ್ಸಿನ ಹೊಗೆಯೆಲ್ಲ ನಿನ್ನ ಮುಖಕ್ಕೇ ಹಾಗಾದ್ರೆ."

ನಗು ಬಂತು. ತುಂಬ ದಿನ ಆಗಿತ್ತು ನಕ್ಕು. ಸುಮ್ಮನೆ ತಮಾಷೆಗೆ ಎಂದು ನಮ್ಮ ಹಳೆಯ ಹಾಡು ಶುರು ಮಾಡಿದೆ, ಕಾರುಗಳ ಮಧ್ಯದಲ್ಲಿ ನಿಂತುಕೊಂಡೇ. ನನ್ನ ಎರಡು ಸಾಲು ಆಯಿತು. ಅಬ್ನೆರ್ ಒಂದು ಕ್ಷಣವೂ ತಡಮಾಡದೆ ತನ್ನ ಎರಡು ಸಾಲು ಎತ್ತಿಕೊಂಡ, ಸುತ್ತು ಕೂಡ ತಿರುಗಿದ. ಆಮೇಲೆ ಇಬ್ಬರೂ ನಿಂತೆವು. ಮುಂದಿನ ಸಾಲು ಹಾಡಬೇಕಾದವನು ಒರ್ಲಾಂಡೊದಲ್ಲಿ ಇದ್ದಾನೆ.

"ನೀನು ಹಾಡೋ" ಎಂದೆ.

"ನಂಗೆ ಬರಲ್ಲಪ್ಪ, ಅದು ನಂದಲ್ಲ. ನೀನೇ ಹಾಡು, ನೀನೀಗ ಒಬ್ಬನೇ ಹಾಡೋನು!"

ನನಗೂ ಬರಲಿಲ್ಲ. ಗಿರಾಕಿ ಬಂದ, ಅಬ್ನೆರ್ ಟೈ ಸರಿಮಾಡಿಕೊಂಡು ಹೋದ. ಹೋಗುವ ಮುಂಚೆ, "ರೆಕಾರ್ಡ್ ಓಡ್ಲಿಲ್ಲ ಅಂದ್ರೆ ಬಾ, ನನ್ನ ಪಕ್ಕದ ಮೇಜು ಖಾಲಿ ಇದೆ" ಎಂದ. ತಮಾಷೆಗೆ ಹೇಳಿದನೋ ನಿಜವಾಗಿ ಹೇಳಿದನೋ ಗೊತ್ತಾಗಲಿಲ್ಲ.

ಡಿಸೆಂಬರ್ 23, ಶುಕ್ರವಾರ, ಕೊಮೆರಿಯೋ

ಕ್ರಿಸ್‌ಮಸ್ ಹಬ್ಬಕ್ಕೆ ಊರಿಗೆ ಬಂದೆ. ಗುಂಪಿಗೆ ಸೇರಿದ ಮೇಲೆ ಮೊದಲ ಸಲ. ಹಬ್ಬದ ದಿನಗಳಲ್ಲೇ ನಮಗೆ ಕೆಲಸ ಜಾಸ್ತಿ ಇರುತ್ತಿತ್ತು.

ಬಾಗಿಲಲ್ಲಿ "ಆಶೀರ್ವಾದ ಮಾಡಜ್ಜಿ" ಎಂದೆ. "ದೇವ್ರು ಒಳ್ಳೇದು ಮಾಡ್ಲಿ. ಚಪ್ಪಲಿ ಬಿಡು, ನೆಲ ಒರೆಸಿದೀನಿ" ಎಂದಳು. ನನ್ನನ್ನು ಸಾಕಿದ ಅಜ್ಜಿ ಪ್ರೊವಿದೆನ್ಸಿಯಾ ಹೀಗೆಯೇ. ಅಡುಗೆಮನೆಯ ತುಂಬ ಬಾಳೆಲೆ ಹರಡಿತ್ತು. ಹಸಿ ಬಾಳೆಕಾಯಿ ತುರಿದ ಹಿಟ್ಟು, ಮಧ್ಯದಲ್ಲಿ ಮಾಂಸ, ಎಲೆಯಲ್ಲಿ ಮಡಿಸಿ ದಾರ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಅರ್ಧ ಗಂಟೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಸುಖವಾಗಿತ್ತು.

ಆಮೇಲೆ ಅಜ್ಜಿ ದಾರ ಕಚ್ಚುತ್ತಾ ಹೇಳಿದಳು. "ದೊನ್ ಚೋಲೊಗೆ ಗಂಟಲು ಆಪರೇಷನ್ ಆಯ್ತು. ಧ್ವನಿ ಹೋಯ್ತು ಪಾಪ. ಈ ಸಲ ಮೂವರು ರಾಜರ ಹರಕೆ ನೀನು ಹಾಡ್ಬೇಕು."

ಆ ಹರಕೆ ನನಗಾಗಿ ಹೊತ್ತದ್ದೇ. ಎರಡು ವರ್ಷದವನಿದ್ದಾಗ ಉಬ್ಬಸ ಬಂದು ನನ್ನ ತುಟಿ ನೀಲಿಯಾಗಿತ್ತಂತೆ. ಈ ಮಗು ಉಸಿರಾಡಿದರೆ ಪ್ರತಿ ವರ್ಷ ಜನವರಿ ಆರರಂದು ಮನೆಯಲ್ಲಿ ನಿಮ್ಮ ಮುಂದೆ ಹಾಡಿಸುತ್ತೇನೆ ಎಂದು ಅಜ್ಜಿ, ಬಾಲ ಯೇಸುವನ್ನು ನೋಡಲು ಬಂದ ಆ ಮೂವರು ರಾಜರಿಗೆ ಮಾತು ಕೊಟ್ಟಳು. ಅಂದಿನಿಂದ ಊರಿನ ಹಾಡುಗಾರ ದೊನ್ ಚೋಲೊ ಮುಂದಾಳಾಗಿ ಹಾಡುತ್ತಾ ಬಂದರು. ಒಂದೊಂದು ಚರಣವೂ ಹತ್ತು ಸಾಲು. ಒಬ್ಬನೇ ಹಾಡಬೇಕು. ಚರಣ ಮುಗಿದ ಮೇಲೆ ಮಾತ್ರ ಹಿಮ್ಮೇಳ. ನಡುವೆ ನಿಂತರೆ ಮತ್ತೆ ಮೊದಲಿಂದ ಶುರು.

"ನನ್ನಿಂದ ಆಗಲ್ಲಜ್ಜಿ."

"ಟಿವಿಯೋರಿಗೆ ಹಾಡ್ತೀಯ, ನಿನ್ನ ಎದೆ ಉಳಿಸಿದೋರಿಗೆ ಹಾಡಲ್ವಾ? ದಾರ ಬಿಗಿಯಾಗಿ ಕಟ್ಟು, ನೀರು ಹೋಗತ್ತೆ ಒಳಗೆ."

ಆಯಿತು ಎಂದೆ. ಆಯಿತು ಅನ್ನುವುದೊಂದು ನನಗೆ ಚೆನ್ನಾಗಿ ಬರುತ್ತದೆ.

ಡಿಸೆಂಬರ್ 30, ಶುಕ್ರವಾರ

ದಿನಾ ಮಧ್ಯಾಹ್ನ ದೊನ್ ಚೋಲೊ ಬಂದು ಜಗುಲಿಯಲ್ಲಿ ಕೂರುತ್ತಾರೆ. ಅವರ ಬಾಯಿಂದ ಗಾಳಿ ಮಾತ್ರ ಬರುತ್ತದೆ. ನನ್ನ ಬಾಯಿಂದ ಎರಡು ಸಾಲು ಬರುತ್ತದೆ. ಅವರು ಕೈ ಎತ್ತಿ ಮುಂದೆ ಹೋಗು ಎನ್ನುತ್ತಾರೆ, ನಾನು ಕೆಮ್ಮುತ್ತೇನೆ. ಅಜ್ಜಿ ಒಳಗಿಂದ ಕೇಳಿ ಕೇಳಿ ಸಾಕಾಗಿ ಹೊರಗೆ ಬಂದಳು.

"ಒಬ್ಬನಿಗೆ ಗಂಟಲಿಲ್ಲ, ಇನ್ನೊಬ್ಬನಿಗೆ ಉಸಿರಿಲ್ಲ. ಈ ವರ್ಷ ರಾಜರು ಬೇರೆ ದಾರಿ ಹಿಡಿದು ಹೋದ್ರೇ ವಾಸಿ."

ದೊನ್ ಚೋಲೊ ಶಬ್ದವಿಲ್ಲದೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಇಂದು ನಾಲ್ಕನೆಯ ಸಾಲಿನವರೆಗೆ ಹೋದೆ. ಪಕ್ಕೆ ನೋಯುತ್ತಿದೆ. ಟಿವಿಗೆ ಇನ್ನೂ ಮೂರು ವಾರ ಇದೆ, ಅಷ್ಟರಲ್ಲಿ ಧ್ವನಿ ಕೆಟ್ಟರೆ ದೊನ್ ಅನ್ಸೆಲ್ಮೊ ನನ್ನನ್ನು ಕೊಂದೇ ಬಿಡುತ್ತಾರೆ. ಹೇಗೂ ಟೇಪ್ ಇದೆ ಎಂಬುದು ಆಮೇಲೆ ಹೊಳೆಯಿತು. ಧ್ವನಿ ಕೆಟ್ಟರೂ ನಡೆಯುತ್ತದೆ.

ಜನವರಿ 6, ಶುಕ್ರವಾರ

ಮಂಡಿ ಹೋಯಿತು. ಮುಂದಾಳು ಮಂಡಿಯೂರಿ ಶುರು ಮಾಡಬೇಕೆಂಬುದು ನನಗೆ ಮರೆತೇ ಹೋಗಿತ್ತು, ಯಾರೂ ನೆನಪಿಸಿರಲಿಲ್ಲ. ಸಿಮೆಂಟು ನೆಲ. ಮೇಲೆ ಹೊಸ ಪ್ಯಾಂಟು, ಅದೂ ಬಿಗಿ.

ಅಜ್ಜಿಗೆ ರಾತ್ರಿ ಕೂರಲಾಗುವುದಿಲ್ಲವೆಂದು ಹರಕೆಯ ಹಾಡನ್ನು ಮಧ್ಯಾಹ್ನವೇ ಇಟ್ಟುಕೊಂಡರು. ಕುದುರೆ ಹತ್ತಿದ ಮೂವರು ರಾಜರ ಮರದ ಬೊಂಬೆಗಳನ್ನು ಬಿಳಿ ಬಟ್ಟೆಯ ಮೇಜಿನ ಮೇಲೆ ಇಟ್ಟಿದ್ದರು. ಕುರ್ಚಿ ಸಾಲದೆ ಪಕ್ಕದ ಮನೆಯವರು ತಮ್ಮ ಕಾರಿನ ಹಿಂದಿನ ಸೀಟನ್ನೇ ಬಿಚ್ಚಿ ತಂದರು. ಯಾರೋ ಒಬ್ಬ ಹೆಂಗಸು ನನ್ನ ಕೆನ್ನೆ ಹಿಂಡಿ ಅಬ್ನೆರ್ ಅಬ್ನೆರ್ ಎಂದಳು, ತಿದ್ದಲು ಹೋಗಲಿಲ್ಲ.

ತಂತಿವಾದ್ಯ ಶುರುವಾಯಿತು, ಸೋರೆಬುರುಡೆ ಕೆರೆಯುವವನು ತಾಳ ಹಿಡಿದ. ಎಲ್ಲರೂ ನನ್ನನ್ನೇ ನೋಡಿದರು. ನಾನು ಹೇಗೋ ಮೊದಲ ಎರಡು ಸಾಲು ಹಾಡಿ, ಅಭ್ಯಾಸಬಲದಿಂದ ನೇರವಾಗಿ ಹಿಮ್ಮೇಳಕ್ಕೆ ಹಾರಿದೆ. ಅದಂತೂ ಐದು ಜನರ ಮಧ್ಯೆ ಬೆಳೆದವನಿಗೆ ಸಲೀಸು.

ಹಿಮ್ಮೇಳದ ಮುಂದೆ ಕೂತಿದ್ದ ದೋನ್ಯಾ ಗೆನೊವೆವಾ ತಾಳವನ್ನೇ ನಿಲ್ಲಿಸಿದಳು. "ಏಯ್ ಹುಡುಗಾ! ಅದು ನಮ್ಮ ಪಾಲು. ನೀನೇ ಹಿಮ್ಮೇಳನೂ ಹಾಡಿದ್ರೆ ನಾವೇನು ಪಾಯಸ ಕುಡಿಯೋಕೆ ಬಂದಿದೀವಾ?"

"ಕುಡಿಯೋಕೇ ಬಂದಿರೋದು" ಎಂದ ಅವಳ ಗಂಡ. ಮನೆಯೆಲ್ಲ ನಗು.

ಮತ್ತೆ ಮೊದಲಿಂದ. ಈ ಸಲ ಎರಡು ಸಾಲು ಮುಗಿದಾಗ ಎಡಕ್ಕೆ ನೋಡಿದೆ. ಅಲ್ಲಿ ದೊನ್ ಚೋಲೊ ಕೂತಿದ್ದರು. ನನ್ನ ಜೊತೆಗೆ ತುಟಿ ಆಡಿಸುತ್ತಿದ್ದರು, ಶಬ್ದವಿಲ್ಲ. ಪಾಪ, ಅವರಿಗೆ ಹಾಡಬೇಕೆಂದು ಎಷ್ಟು ಆಸೆ ಇದೆಯೆಂದು ಮುಖದಲ್ಲೇ ಕಾಣುತ್ತಿತ್ತು. ಅವರನ್ನು ನೋಡಿ ನನಗೆ ಅಳು ಬಂದಂತಾಯಿತು. ನಿಲ್ಲಿಸಲು ಮನಸ್ಸು ಬರಲಿಲ್ಲ. ಉಸಿರು ಸಾಲದಾದಾಗ ಜೋರಾಗಿ ಎಳೆದುಕೊಂಡೆ, ಕೊಳವೆಯಲ್ಲಿ ನೀರು ಬಂದಂತೆ ಸದ್ದಾಯಿತು, ಯಾರೂ ಏನೂ ಅಂದುಕೊಂಡಂತೆ ಕಾಣಲಿಲ್ಲ. ತಂತಿವಾದ್ಯದವನು ನನಗಾಗಿ ಒಂದು ಸುತ್ತು ಹೆಚ್ಚಿಗೆ ನುಡಿಸಿ ಕಾದ. ಹಿಮ್ಮೇಳದವರು ಕಿರುಚಿದ ಕಿರುಚಾಟಕ್ಕೆ ನನ್ನ ಬಲಗಿವಿ ಇನ್ನೂ ಗುಂಯ್ ಎನ್ನುತ್ತಿದೆ.

ಎಲ್ಲ ಚರಣ ಮುಗಿದಾಗ ಬಿಸಿಲು ಅಂಗಳ ದಾಟಿ ಹೋಗಿತ್ತು. ಎದ್ದು ನಿಂತಾಗ ಪ್ಯಾಂಟಿನ ಹೊಲಿಗೆ ಬಿಟ್ಟಿತ್ತು, ಅದನ್ನು ಮುಚ್ಚಿಕೊಂಡೇ ಊಟಕ್ಕೆ ಕೂತೆ. ಹೊಟ್ಟೆ ಬಿರಿಯುವಷ್ಟು ತಿಂದೆ. ಮಂಡಿಗೆ ಅಜ್ಜಿ ಎಣ್ಣೆ ಹಚ್ಚಿಕೊಟ್ಟಳು. "ಸುಸ್ತಾಯ್ತಾ?" ಎಂದಳು. ಇಲ್ಲಜ್ಜಿ ಎಂದೆ.

ಜನವರಿ 10, ಮಂಗಳವಾರ

ಮಾರ್ಗಾರೊನ ಹತ್ತಿರ ಹೋಗಿ ಆ ಹಾಡನ್ನು ಇನ್ನೊಂದು ಸಲ ಹಾಡಬೇಕು ಎಂದೆ. "ಯಾವ ಎರಡು ಸಾಲು?" ಎಂದ. ಎಲ್ಲಾ ಎಂದೆ.

ದೀಪ ಹತ್ತಿಸಿದ. ಹಾಡಿದೆ. ಒಂದೆರಡು ಕಡೆ ಸ್ವರ ಜಾರಿತು, ಕೊನೆಯಲ್ಲಿ ಧ್ವನಿ ಸ್ವಲ್ಪ ಒರಟಾಯಿತು. ಗಾಜಿನ ಆಚೆ ಅವನು ಟೇಪ್ ನಿಲ್ಲಿಸುವುದನ್ನೂ ಮರೆತು ಕೂತಿದ್ದ, ಸುರುಳಿ ಸುಮ್ಮನೆ ಸುತ್ತುತ್ತಿತ್ತು.

"ಯಾವಾಗ ಕಲಿತ್ಯೋ ಇದನ್ನ?"

"ಏನನ್ನ?" ಎಂದೆ. ಅವನು ತಲೆ ಕೆರೆದುಕೊಂಡ. ರೆಕಾರ್ಡಿಗೆ ಇದನ್ನೇ ಹಾಕಿಸು ಎಂದು ಬೇಡಿಕೊಂಡೆ. "ನನ್ನ ಕೈಲಿ ಏನಿದೆ ಮಗಾ, ದೊನ್ ಅನ್ಸೆಲ್ಮೊನ ಕೇಳು" ಎಂದ.

ಜನವರಿ 13, ಶುಕ್ರವಾರ

ಕೇಳಿದೆ. ದೊನ್ ಅನ್ಸೆಲ್ಮೊ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಫಿ ತರಿಸಿ, ತಾವೇ ಸಕ್ಕರೆ ಹಾಕಿ ಕೊಟ್ಟರು. ಎಷ್ಟು ಚಮಚ ಎಂದು ಕೇಳಲಿಲ್ಲ, ಅವರಿಗೆ ಗೊತ್ತು.

"ರೆಕಾರ್ಡ್ ಅಚ್ಚಾಗಿ ಪೆಟ್ಟಿಗೇಲಿ ಕೂತಿದೆ. ಆ ಹಾಡು ಹಾಗೇ ಇರತ್ತೆ."

"ಹಾಗಾದ್ರೆ ಟಿವಿಯಲ್ಲಾದ್ರೂ ನಾನೇ ಹಾಡ್ತೀನಿ. ಟೇಪ್ ಬೇಡ."

ಅವರು ತಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದರು. "ನೋಡಪ್ಪ ಎಫ್ರಾಯಿನ್. ನಿನ್ನ ಜಾಗಕ್ಕೆ ಗುಂಪಿಗೆ ಒಬ್ಬ ಹುಡುಗ ಬಂದಿದಾನಲ್ಲ, ಅವನು ಹಳೇ ಹಾಡಲ್ಲಿ ನಿನ್ನ ಧ್ವನಿಗೇ ಬಾಯಾಡಿಸ್ತಿದಾನೆ. ಮೂರು ತಿಂಗಳಾಯ್ತು. ಒಬ್ಬರಾದ್ರೂ ಕಂಡುಹಿಡಿದ್ರಾ? ಇಲ್ಲ. ಈ ಹೊಸ ಟೇಪೂ ಹಾಗೇ. ಅದರ ಮುಂದೆ ಯಾರನ್ನ ನಿಲ್ಲಿಸಿದ್ರೂ ಹಾಡತ್ತೆ. ನಿನ್ನನ್ನೇ ನಿಲ್ಲಿಸ್ತಿದೀನಿ ಅಂದ್ರೆ ಅದು ನನ್ನ ಪ್ರೀತಿ."

"ಆಯ್ತು ದೊನ್ ಅನ್ಸೆಲ್ಮೊ."

"ಕೋಪಾನಾ? ಸುಸ್ತಾಗಿದ್ಯಾ?"

"ಇಲ್ಲ."

ಜನವರಿ 17, ಮಂಗಳವಾರ

ಹೊಸ ಅಂಗಿಯ ಅಳತೆ. ಕೂದಲಿಗೆ ಮತ್ತೆ ಬಣ್ಣ. ಬಸ್ಸಿನ ಹಿಂದೆ ನನ್ನ ಚಿತ್ರ ನೋಡಿದೆ. ಹೊಗೆ ನಿಜವಾಗಿಯೂ ಮುಖಕ್ಕೇ ಬರುತ್ತದೆ.

ಜನವರಿ 21, ಶನಿವಾರ

ಬರೆಯಲು ಕೈ ಏಳುತ್ತಿಲ್ಲ. ಆದರೂ ಬರೆಯುತ್ತೇನೆ.

ಟಿವಿ ಸ್ಟುಡಿಯೋದಲ್ಲಿ ನೇರ ಪ್ರಸಾರ. ಎದುರಿಗೆ ಬೆಂಚುಗಳಲ್ಲಿ ಬಸ್ಸು ಮಾಡಿಕೊಂಡು ಬಂದ ಹೆಂಗಸರು, ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ನನ್ನ ಕೈಗೆ ಮೈಕು ಕೊಟ್ಟರು. ಅದರ ತಂತಿ ಎಲ್ಲಿಗೂ ಸೇರಿರಲಿಲ್ಲ, ತುದಿಯನ್ನು ಕಾರ್ಪೆಟ್ಟಿನ ಕೆಳಗೆ ಸೇರಿಸಿದ್ದರು. ಹಿಂದೆ ನಾಲ್ವರು ಹುಡುಗಿಯರು ಕುಣಿಯಲು. ನಿರೂಪಕಿ ನನ್ನ ಹೆಸರು ಕೂಗಿದಳು, ಹೊಗೆ ಬಿಟ್ಟರು, ಟೇಪ್ ಶುರುವಾಯಿತು.

ನಾನು ಮೊದಲೇ ಏನೂ ಯೋಚಿಸಿಕೊಂಡು ಹೋಗಿರಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ, ಆದರೆ ನಿಜ. ಬಾಯಿ ತೆರೆಯಬೇಕಾದ ಹೊತ್ತು ಬಂತು, ತೆರೆಯಲಿಲ್ಲ ಅಷ್ಟೆ. ನನ್ನ ಧ್ವನಿ ಸ್ಟುಡಿಯೋ ತುಂಬ ಹಾಡುತ್ತಿತ್ತು, ನಾನು ತುಟಿ ಮುಚ್ಚಿಕೊಂಡು ನಿಂತಿದ್ದೆ. ಆ ಧ್ವನಿ ಒಂದು ಸಲವೂ ಉಸಿರೆಳೆಯಲಿಲ್ಲ. ಕುಣಿಯುವ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು, ಆದರೆ ಕುಣಿತ ನಿಲ್ಲಿಸಲಿಲ್ಲ. ಮುಂದಿನ ಬೆಂಚಿನ ಹೆಂಗಸರ ಬೀಸಣಿಗೆಗಳು ಒಂದೊಂದಾಗಿ ನಿಂತವು. ಕ್ಯಾಮೆರಾದ ಹಿಂದೆ ದೊನ್ ಅನ್ಸೆಲ್ಮೊ ತಮ್ಮ ಬಾಯನ್ನು ತೋರಿಸಿ ತೋರಿಸಿ ತೆರೆದರು, ಮುಚ್ಚಿದರು. ಅವರೇ ಹಾಡುತ್ತಿರುವ ಹಾಗೆ ಕಾಣುತ್ತಿತ್ತು. ನನಗೆ ಅವರ ಮೇಲೆ ಕೋಪ ಬರಲಿಲ್ಲ. ಹೆದರಿಕೆಗೆ ಮೂತ್ರ ಬಂದಂತಾಗುತ್ತಿತ್ತು, ಅಷ್ಟೆ.

ಟೇಪ್ ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೋ "ಜಾಹೀರಾತು ಹಾಕ್ರೋ, ಜಾಹೀರಾತು!" ಎಂದು ಕೂಗಿದರು. ನಾನು ಮೈಕನ್ನು ಕೆಳಗಿಟ್ಟು ಬೆಂಚಿನ ಹತ್ತಿರಕ್ಕೆ ಹೋಗಿ ಅದೇ ಹಾಡನ್ನು ಬರಿಬಾಯಲ್ಲಿ ಹಾಡಿದೆ. ವಾದ್ಯವಿಲ್ಲ, ಏನಿಲ್ಲ. ಹಿಂದಿನ ಸಾಲಿನವರಿಗೆ ಕೇಳಿಸಿತೋ ಇಲ್ಲವೋ. ದೀಪಗಳನ್ನು ಒಂದೊಂದಾಗಿ ಆರಿಸುತ್ತಾ ಬಂದರು. ನಾನು ಕೊನೆಯ ಸಾಲಿಗೆ ಬರುವಾಗ ಬಾಗಿಲ ಬೆಳಕು ಮಾತ್ರ ಇತ್ತು. ಹೆಂಗಸರು ಆಗ ಚಪ್ಪಾಳೆ ತಟ್ಟಿದರು. ಒಬ್ಬಳು ಜೋರಾಗಿ "ಅಯ್ಯೋ, ಹುಡುಗ ನಿಜವಾಗ್ಲೂ ಹಾಡ್ತಾನೆ ಕಣ್ರೇ!" ಎಂದಳು.

ಹೊರಗೆ ದೊನ್ ಅನ್ಸೆಲ್ಮೊ ಕಾರಿಗೆ ಒರಗಿ ನಿಂತಿದ್ದರು. "ಮುಗೀತು" ಎಂದರು. "ಸೋಮವಾರ ಬೇರೆ ಹುಡುಗನ್ನ ನೋಡ್ತೀನಿ. ಈ ಹಾಡನ್ನ ನೀನಿನ್ನು ಎಲ್ಲೂ ಹಾಡೋ ಹಾಗಿಲ್ಲ, ತಿಳ್ಕೊ. ಮಗನ ಹಾಗೆ ನೋಡ್ಕೊಂಡೆ ನಿನ್ನ." ನನ್ನ ಕಡೆ ನೋಡದೆ ಕಾರು ಹತ್ತಿದರು. ಕಾರು ಹೋದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತಿದ್ದೆ. ಬೆಂಚಿನಲ್ಲಿದ್ದ ಹೆಂಗಸೊಬ್ಬಳು ಬಸ್ಸಿನಿಂದ ಇಳಿದು ಬಂದು, ಮೌನಾಬೊದಲ್ಲಿ ತಮ್ಮ ಬೀದಿಯವರು ಸೇರಿ ಹಬ್ಬ ಮಾಡುತ್ತಾರೆ, ಬಂದು ಹಾಡುತ್ತೀರಾ ಎಂದು ಕೇಳಿದಳು. "ಟೇಪ್ ಹಾಕೋ ಯಂತ್ರ ಎಲ್ಲ ನಮ್ಮತ್ರ ಇಲ್ಲ ಮತ್ತೆ. ಒಂದು ಮೈಕಿದೆ, ಅದೂ ಆಗಾಗ ಕೈಕೊಡತ್ತೆ." ಯಾವ ಹಾಡು ಹಾಡಲಿ, ನನ್ನ ಹತ್ತಿರ ಹಾಡೇ ಇಲ್ಲವಲ್ಲ ಎಂದೆ. "ಹಬ್ಬಕ್ಕೆ ಇನ್ನೂ ತಿಂಗಳಿದೆಯಲ್ಲ" ಎಂದಳು.

ಕೊಮೆರಿಯೋಗೆ ಬರುವಾಗ ಸಂಜೆಯಾಗಿತ್ತು. ಆಶೀರ್ವಾದ ಕೇಳಿದೆ, ಅಜ್ಜಿ ಕೊಟ್ಟಳು. ಅನ್ನ, ಬೇಯಿಸಿದ ಕಾಳು ಬಡಿಸಿ ಎದುರಿಗೆ ಕೂತಳು.

"ಟಿವೀಲಿ ನೀನು ಬಾಯಿ ಮುಚ್ಕೊಂಡು ನಿಂತಿದ್ದೆ. ಆಮೇಲೆ ಕಾಫಿಪುಡಿ ಜಾಹೀರಾತು ಬಂತು. ಆಮೇಲೆ ನಿನ್ನನ್ನ ತೋರಿಸ್ಲೇ ಇಲ್ಲ. ಏನ್ಮಾಡ್ದೆ ಅಷ್ಟೊತ್ತು?"

"ಹಾಡಿದೆ."

"ಎಷ್ಟು?"

"ಎಲ್ಲಾ."

ಅಜ್ಜಿ ತಟ್ಟೆಗೆ ಇನ್ನೊಂದು ಸೌಟು ಕಾಳು ಹಾಕಿದಳು. "ನಂಗೆ ಕೇಳಿಸ್ಲಿಲ್ವಲ್ಲ. ಊಟ ಆದ್ಮೇಲೆ ಒಂದ್ಸಲ ಹಾಡು."

"ನಾಳೆ ಹಾಡ್ತೀನಜ್ಜಿ" ಎಂದೆ. "ಇವತ್ತು ಸುಸ್ತಾಗಿದೆ."

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಎದ್ದು ಹೋಗಿ ಹಾಸಿಗೆ ಹಾಸಿದಳು.